ಹಳದಿ ಕಾರ್ಡ್ ಓದದ ದಿನ

ನನ್ನ ಕೋಟಿನ ಜೇಬಿನಲ್ಲಿ ಆ ಚಳಿಗಾಲವಿಡೀ ಒಂದು ಹಳದಿ ಕಾರ್ಡ್ ಇರುತ್ತಿತ್ತು. ಅಂಗೈಯಗಲದ್ದು, ಮೂಲೆ ಸವೆದದ್ದು. ತಾಯಂದಿರ ತರಗತಿ ಶುರುವಾಗುವ ಮೊದಲು ಅದನ್ನು ಗಟ್ಟಿಯಾಗಿ ಓದಬೇಕು, ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ: "ಇಲ್ಲಿ ನೀವು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ. ಆದರೆ ಒಂದು ಮಗುವಿಗೆ ಅಪಾಯವಿದೆ ಎಂದು ನನಗೆ ಗೊತ್ತಾದರೆ ಸರ್ಕಾರಕ್ಕೆ ತಿಳಿಸಲೇಬೇಕು. ನಾನು ನರ್ಸ್. ಕಾನೂನು ನನಗೆ ಬೇರೆ ದಾರಿ ಬಿಟ್ಟಿಲ್ಲ." ವಿಮಾನದಲ್ಲಿ ಬೆಲ್ಟ್ ಹಾಕುವುದನ್ನು ತೋರಿಸುವಾಗ ಜನ ಕಿಟಕಿಯಾಚೆ ನೋಡುವ ಹಾಗೆ, ನಾನು ಓದುವಾಗ ಎಲ್ಲರೂ ಫೋನ್ ನೋಡುತ್ತಿದ್ದರು. ಆದರೂ ಓದುತ್ತಿದ್ದೆ. ಓದದೆ ಯಾರ ಬಾಯಿಂದಲೂ ಏನನ್ನೂ ಕೇಳಬಾರದು ಎನ್ನುವುದು ಕೆಲಸದ ಮೊದಲ ನಿಯಮ.

ತರಗತಿ ನಡೆಯುತ್ತಿದ್ದದ್ದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ರಾಚೆಸ್ಟರ್ ಹಿಲ್ಸ್ ಕಡೆಯ ಒಂದು ಗ್ರಂಥಾಲಯದ ಮೀಟಿಂಗ್ ರೂಮಿನಲ್ಲಿ, ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ. ನಾಲ್ಕು ವಾರ, ನಾಲ್ಕು ಪಾಠ. ಕರಪತ್ರದಲ್ಲಿ ತಾಯಿ ಮತ್ತು ಮಗಳ ಆರೋಗ್ಯ ಎಂದಷ್ಟೇ ಇತ್ತು. ಮೊದಲ ವಾರ ಹೆಣ್ಣಿನ ದೇಹ, ಎರಡನೇ ವಾರ ಮುಟ್ಟು. ಮೂರನೇ ವಾರ ನನ್ನನ್ನು ಸಂಬಳ ಕೊಟ್ಟು ಇಟ್ಟುಕೊಂಡ ನಿಜವಾದ ವಿಷಯ: ಎಳೆಯ ಹುಡುಗಿಯರ ಜನನಾಂಗವನ್ನು ಕತ್ತರಿಸುವ ಪದ್ಧತಿ. ನಾಲ್ಕನೇ ವಾರ ಕಾನೂನು. ಕಾನೂನನ್ನು ಕೊನೆಗೆ ಇಟ್ಟದ್ದು ನನ್ನದೇ ಜಾಣತನ. ಮೊದಲೇ ಪೊಲೀಸು, ಜೈಲು ಎಂದು ಶುರುಮಾಡಿದರೆ ಎರಡನೇ ವಾರ ಖಾಲಿ ಕುರ್ಚಿಗಳಿಗೆ ಪಾಠ ಹೇಳಬೇಕಾಗುತ್ತದೆ ಎಂದು ವಾದಿಸಿ ಮೇಲ್ವಿಚಾರಕಿಯನ್ನು ಒಪ್ಪಿಸಿದ್ದೆ.

ಬರುತ್ತಿದ್ದ ಹದಿನಾಲ್ಕು ಹೆಂಗಸರಲ್ಲಿ ಹೆಚ್ಚಿನವರು ಒಂದೇ ಸಮುದಾಯದವರು. ಯಾವುದೆಂದು ಬರೆಯುವುದಿಲ್ಲ. ಅದು ಚಿಕ್ಕ ಸಮುದಾಯ. ಹೆಸರು ಹೇಳಿದರೆ, ಒಳಗಿದ್ದುಕೊಂಡೇ ಇದನ್ನು ಬೇಡವೆಂದು ನಿಂತ ಹೆಂಗಸರ ಮುಖಕ್ಕೂ ಅದೇ ಮಸಿ ಬೀಳುತ್ತದೆ. ಈ ಪದ್ಧತಿ ಹಲವು ದೇಶಗಳಲ್ಲಿ, ಹಲವು ಮತಗಳವರಲ್ಲಿ ಇದೆ ಎಂಬುದಷ್ಟು ಗೊತ್ತಿದ್ದರೆ ಸಾಕು. ನನ್ನ ಮುಂದೆ ಕೂತವರೆಲ್ಲ ಓದಿದವರು. ಒಬ್ಬಾಕೆ ದಂತವೈದ್ಯೆ, ಒಬ್ಬಾಕೆ ಅಕೌಂಟೆಂಟ್, ಇಬ್ಬರು ಸಾಫ್ಟ್‌ವೇರಿನವರು. ವಿದ್ಯೆ ಬಂದರೆ ಇಂಥದ್ದೆಲ್ಲ ತಾನಾಗಿ ಉದುರಿಹೋಗುತ್ತದೆ ಎಂದು ನಂಬಿ ಬಂದಿದ್ದ ನನಗೆ ಮೊದಲ ದಿನವೇ ಕಸಿವಿಸಿ ಆಗಿತ್ತು.

ಮೂರನೇ ಪಾಠಕ್ಕೆ ನಾನು ಹನ್ನೊಂದು ಸ್ಲೈಡ್ ಮಾಡಿದ್ದೆ. ತುಕ್ಕು ಹಿಡಿದ ಬ್ಲೇಡ್, ತೊಳೆಯದ ಕೈ, ಸೋಂಕು, ನಿಲ್ಲದ ರಕ್ತ, ಧನುರ್ವಾಯು. ಚಿತ್ರಗಳನ್ನು ಹುಡುಕಲು ಎರಡು ದಿನ ಹಿಡಿದಿತ್ತು. ಮೊದಲೇ ಓದಿಕೊಂಡು ಬರಲಿ ಎಂದು ಭಾನುವಾರವೇ ಎಲ್ಲರಿಗೂ ಇಮೇಲ್ ಮಾಡಿದ್ದೆ. ತರಗತಿಯಲ್ಲಿ ಹೆಂಗಸರು ಮುಖ ಕಿವುಚಿದರು, ಲೊಚಗುಟ್ಟಿದರು, ಒಬ್ಬಾಕೆ ಕಣ್ಣು ಮುಚ್ಚಿಕೊಂಡಳು. ಪಾಠ ನಾಟಿತು ಎಂದುಕೊಂಡು ಖುಷಿಯಿಂದಲೇ ಪ್ರೊಜೆಕ್ಟರ್ ಎತ್ತಿಟ್ಟೆ.

ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನ ಚಳಿ. ಪಾರ್ಕಿಂಗ್ ಲಾಟಿನಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದೆ. ಆ ಕಡೆ ಗಂಡ, ಯಾವುದೋ ಕಾಗದ ಎಲ್ಲಿದೆ ಎಂದು ಮೂರನೇ ಸಲ ಕೇಳುತ್ತಿದ್ದ. "ಬಂದು ಕೊಡ್ತೇನಂತ ಹೇಳೇನಲ್ಲ, ಯಾಕ ಜೀವಾ ತಿಂತೀರಿ?" ಎಂದು ಕಟ್ ಮಾಡಿದೆ.

ಹಿಂದಿನಿಂದ ಒಂದು ದನಿ ಬಂತು. "ಮೇಡಂ, ನೀವು ಹುಬ್ಬಳ್ಳ್ಯಾವ್ರೇನ್ರಿ?"

ಕೈಯಲ್ಲಿದ್ದ ಸ್ಕ್ರೇಪರ್ ಹಾಗೇ ನಿಂತಿತು. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ, ಮೂರು ವಾರದಲ್ಲಿ ಒಂದು ಮಾತೂ ಆಡದ ಹೆಂಗಸು. ವಾರಕ್ಕೆ ಎರಡು ದಿನ ಫಾರ್ಮಸಿಸ್ಟ್ ಕೆಲಸ ಮಾಡುತ್ತಾಳೆಂದು ಹಾಜರಿ ಹಾಳೆಯಲ್ಲಿ ಓದಿದ್ದೆ. ಮನೆಮಾತು ಬೇರೆ, ಆದರೆ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಮೂರು ತಲೆಮಾರಿನಿಂದ ಅಲ್ಲಿ ಹಾರ್ಡ್‌ವೇರ್ ಅಂಗಡಿ.

"ಅಯ್ಯ, ಹೌದ್ರೀ! ಯಾವ ಓಣಿ ನಿಮ್ದು?" ಎಂದುಬಿಟ್ಟೆ.

ನನ್ನ ತಪ್ಪು ಇದೇ. ನಾನಿರುವ ನೋವೈ ಊರಿನಲ್ಲಿ ಕನ್ನಡಕ್ಕೇನೂ ಬರವಿಲ್ಲ. ದೇವಸ್ಥಾನದಲ್ಲಿ, ದಿನಸಿ ಅಂಗಡಿಯಲ್ಲಿ, ಎಲ್ಲಿ ಹೋದರೂ ಬೆಂಗಳೂರು ಮೈಸೂರಿನ ಮಾತು ಕಿವಿಗೆ ಬೀಳುತ್ತದೆ. ಹುಬ್ಬಳ್ಳಿ ಮಾತು ಮಾತ್ರ ಸಿಗುವುದಿಲ್ಲ. ಸಿಕ್ಕರೆ ನಾನು ನಾನಾಗಿರುವುದಿಲ್ಲ. ಮೈಸೂರಿನವನಾದ ನನ್ನ ಗಂಡ ಇದಕ್ಕೇ ರೇಗಿಸುತ್ತಾನೆ: "ನಿನ್ ಹುಬ್ಬಳ್ಳಿ ಸ್ವಿಚ್ ಆನ್ ಆಯ್ತು ಅಂದ್ರೆ ಆಫ್ ಮಾಡೋಕೆ ಯಾರಾದ್ರೂ ಊರಿಂದಾನೇ ಬರ್ಬೇಕು." ಓಣಿ ಕೇಳಿದ ಮೇಲೆ ನಾನು ನರ್ಸ್ ಅಲ್ಲ, ಆಕೆ ವಿದ್ಯಾರ್ಥಿನಿ ಅಲ್ಲ. ಎರಡೇ ಮಾತಿಗೆ ನಾನು ಅಕ್ಕ ಆದೆ. ಹಳದಿ ಕಾರ್ಡನ್ನು ನಾನು ಇಂಗ್ಲಿಷಿನಲ್ಲಿ ಓದಿದ್ದೆ, ಹಿಂದಿಯಲ್ಲಿ ಓದಿದ್ದೆ. ಕನ್ನಡದಲ್ಲಿ ಎಂದೂ ಓದಿರಲಿಲ್ಲ.

"ಥಂಡಿ ಭಾಳ ಅದ, ಗಾಡಿಯಾಗ ಕುಂದರೂಣು ಬರ್ರಿ ಅಕ್ಕಾ," ಎಂದಳು. ಆಕೆಯ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೆ. ಕಾಲ ಬಳಿ ಮಗುವಿನ ಒಂದು ಕೈಗವಸು ಬಿದ್ದಿತ್ತು. ಇಪ್ಪತ್ತು ನಿಮಿಷ ಊರಿನದೇ ಮಾತು: ದುರ್ಗದ ಬೈಲಿನ ಪೇಟೆ, ಗಿರಮಿಟ್ಟು, ಮಿರ್ಚಿ. ಗಿರಮಿಟ್ಟಿಗೆ ಬೇಕಾದ ಆ ಚುರುಮುರಿ ಇಲ್ಲಿ ಸಿಗುವುದಿಲ್ಲ ಎಂದಳು. ನೋವೈನ ಒಂದು ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳಿ ಅದರ ವಿಳಾಸ ಕೊಟ್ಟೆ, ನನ್ನ ಫೋನ್ ನಂಬರನ್ನೂ ಕೊಟ್ಟೆ.

ಆಮೇಲೆ ಆಕೆ ನನ್ನ ಕಡೆ ತಿರುಗಿ ಕೂತಳು. "ಅಕ್ಕಾ, ನಿಮ್ಮ ಕ್ಲಾಸಿಂದ ನಮಗ ಭಾಳ ಉಪಕಾರ ಆತು ನೋಡ್ರಿ."

"ಏನ್ ಉಪಕಾರ, ಬಿಡ್ರಿ."

"ಇಲ್ರಿ, ಖರೇನ. ನಮ್ಮ ಅತ್ತಿ ಬಂದಾಗಿಂದ ಒಂದ ಹಟ. ಮೊಮ್ಮಗಳಿಗೆ ಏಳು ತುಂಬೇದ, ಮುಗಿಸಿಬಿಡೂಣು ಅಂತ. ಮನಿಗೇ ಬಂದು ಮಾಡೂ ಹೆಂಗಸೊಬ್ರು ಅದಾರ, ಅವ್ರನ್ನ ಕರಸ್ತೇನಿ ಅಂತಿದ್ರು. ರವಿವಾರ ನೀವು ಕಳ್ಸಿದ ಸ್ಲೈಡ್ ಎಲ್ಲಾ ಅವ್ರಿಗೆ ತೋರ್ಸಿದೆ. ಹೆದ್ರಿಬಿಟ್ರು! ಈಗ ಶಿಕಾಗೋ ಕಡೆ ಒಬ್ರು ಲೇಡಿ ಡಾಕ್ಟರನ್ನ ಹುಡಿಕ್ಯಾರ. ಗ್ಲೌಸು, ಸ್ಟರೈಲ್ ಕಿಟ್ಟು, ಮರಗಟ್ಟೂ ಇಂಜೆಕ್ಷನ್ನು, ಎಲ್ಲಾ ಪದ್ಧತಶೀರ. ಮುಂದಿನ ಶುಕ್ರವಾರ ಸಾಲಿಗೆ ಸ್ಪ್ರಿಂಗ್ ಬ್ರೇಕ್ ಸೂಟಿ ಶುರು ಆಗ್ತದಲ್ರಿ, ಆಗ ಹೋಗೂದು."

ಆಕೆ ಶಭಾಷ್ ಎನ್ನಿಸಿಕೊಳ್ಳಲು ಕಾಯುವವಳಂತೆ ನನ್ನ ಮುಖ ನೋಡಿದಳು.

"ಡಾಕ್ಟರ್ ಮಾಡಿದ್ರೂ ಕತ್ತರಿಸೂದ ಅಲ್ಲೇನ್ರಿ ಅದು?" ಎಂದೆ.

"ಸ್ವಲ್ಪ ಅಷ್ಟ ರಿ. ಕ್ಲೀನ್ ಇರ್ತದ. ನಾ ಫಾರ್ಮಸಿ ಓದೇನಿ ಅಕ್ಕಾ, ಇನ್ಫೆಕ್ಷನ್ ಅಂದ್ರ ನನಗ ಗೊತ್ತಿಲ್ಲೇನು?"

"ಆದ್ರೂ ಬ್ಯಾಡ್ರಿ."

"ಹಂಗಂತ ನೀವು ಎಲ್ಲಿ ಹೇಳೀರಿ? ಹನ್ನೊಂದು ಸ್ಲೈಡ್‌ನ್ಯಾಗ ಎಲ್ಲೆರೆ ಬರದೀರೇನು, ಕ್ಲೀನ್ ಇದ್ರೂ ಬ್ಯಾಡ ಅಂತ?"

ಬರೆದಿರಲಿಲ್ಲ. ಒಂದು ಕಡೆಯೂ ಬರೆದಿರಲಿಲ್ಲ. "ನಿಮಗ ಮಾಡಿದಾಗ ಹೆಂಗಿತ್ತು?" ಎಂದು ಕೇಳಿದೆ.

"ನಂಗೂ ಏಳ ಆಗ. ಬಳಿ ಇಡಸಾಕ ಹೋಗೂಣು ಬಾ ಅಂತ ಅಜ್ಜಿ ಕರ್ಕೊಂಡು ಹೋಗಿದ್ರು. ಮುಂದಿಂದು ನೆನಪಿಲ್ಲ." ಆಕೆ ಹೀಟರಿನ ಗುಂಡಿ ತಿರುಗಿಸಿದಳು, ಮತ್ತೆ ಮೊದಲಿನಷ್ಟಕ್ಕೇ ತಂದಳು. "ಮಗಳಿಗೂ ಹಂಗ ಹೇಳೇವ್ರಿ. ಶಿಕಾಗೋದಾಗ ನಮ್ಮ ಮಂದಿ ಅಂಗಡಿ ಅದಾವಲ್ರಿ, ಆ ಡೆವನ್ ಅವೆನ್ಯೂಕ್ಕ ಬಳಿ ಇಡಸಾಕ ಹೋಗೂದು ಅಂತ. ಕುಣ್ಯಾಕತ್ತಾಳ."

ಜೇಬಿನಲ್ಲಿ ಕಾರ್ಡಿನ ಸವೆದ ಮೂಲೆ ಬೆರಳಿಗೆ ತಾಗುತ್ತಿತ್ತು. ಈಗ ತೆಗೆದು ಓದಿದರೆ ಏನು ಬಂತು? ಮಾತು ಆಗಲೇ ಹೊರಗೆ ಬಿದ್ದಿತ್ತು. "ಮುಂದಿನ ಗುರುವಾರ ತಪ್ಪದ ಬರ್ರಿ, ಇನ್ನೂ ಹೇಳೂದದ," ಎಂದಷ್ಟೇ ಹೇಳಿ ಇಳಿದೆ.

ಮನೆಗೆ ಮೂವತ್ತು ಚಿಲ್ಲರೆ ಮೈಲಿ. ಐ ಆರುನೂರ ತೊಂಬತ್ತಾರು ಹೆದ್ದಾರಿಯಲ್ಲಿ ಯಾವುದೋ ಟ್ರಕ್ ಮಗುಚಿ ಮೂರು ಲೇನ್ ಮುಚ್ಚಿದ್ದವು. ಮುಂದೆಯೂ ಗಾಡಿ, ಹಿಂದೆಯೂ ಗಾಡಿ, ಎರಡು ಪಕ್ಕದಲ್ಲೂ ಕಾಂಕ್ರೀಟ್ ಗೋಡೆ. ಅಲ್ಲೇ ಕೂತು ಫೋನ್ ಮಾಡಬಹುದಿತ್ತು. ಮಕ್ಕಳ ರಕ್ಷಣೆಯ ಸಹಾಯವಾಣಿಯ ನಂಬರು ನನಗೆ ಬಾಯಿಪಾಠ. ಕೂಡಲೇ ಫೋನ್ ಮಾಡಬೇಕು, ಆಮೇಲೆ ಬರಹದಲ್ಲಿ ಕೊಡಬೇಕು. ಇದನ್ನು ಶಾಲಾ ನರ್ಸ್‌ಗಳಿಗೆ ಹೇಳಿಕೊಡುತ್ತಿದ್ದವಳೇ ನಾನು. ಮಾಡಲಿಲ್ಲ. ಮಾಡಿದರೆ, ಅಕ್ಕಾ ಎಂದವಳ ಮನೆ ಬಾಗಿಲಿಗೆ ಸರ್ಕಾರ ಬರುತ್ತದೆ, ಹದಿನಾಲ್ಕು ಕುರ್ಚಿಯೂ ಖಾಲಿಯಾಗುತ್ತದೆ, ಹೆದರಿ ಮಗುವನ್ನು ಬೇರೆಲ್ಲಾದರೂ ಕರೆದೊಯ್ದರೆ ಹೇಳುವವರೂ ಇರುವುದಿಲ್ಲ. ಮಾಡದಿದ್ದರೆ, ಕೈಗವಸಿನ ಆ ಹುಡುಗಿ ಎಂಟನೆಯ ದಿನ ಬಳೆಯಂಗಡಿಗೆಂದು ಗಾಡಿ ಹತ್ತುತ್ತಾಳೆ. ಇನ್ನೊಮ್ಮೆ ಮಾತಾಡಿ ಖಚಿತ ಮಾಡಿಕೊಳ್ಳುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಖಚಿತವಾಗದೆ ಉಳಿದದ್ದು ಏನೂ ಇರಲಿಲ್ಲ. ನನ್ನ ಪುಕ್ಕಲುತನಕ್ಕೆ ಒಂದು ಸಭ್ಯ ಹೆಸರು ಬೇಕಿತ್ತು, ಅಷ್ಟೇ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಲೈಡ್ ಎಣಿಸಿದೆ. ಹನ್ನೊಂದರಲ್ಲಿ ಒಂಬತ್ತು ಬ್ಲೇಡಿನ ಬಗ್ಗೆ. ನಾನು ಹೇಳಿಕೊಟ್ಟದ್ದು ಕತ್ತರಿಸಬೇಡಿ ಎಂದಲ್ಲ, ಹೊಲಸು ಬ್ಲೇಡಿನಿಂದ ಕತ್ತರಿಸಬೇಡಿ ಎಂದು. ಹೆದರಿಸುವುದು ಸುಲಭ, ಅದಕ್ಕೆ ಹೆದರಿಸಿದ್ದೆ. ಓದಿದ ಹೆಂಗಸು ಹೆದರಿಕೆಗೆ ಪರಿಹಾರ ಹುಡುಕಿಕೊಂಡಳು. ಅದರಲ್ಲಿ ಆಕೆಯ ತಪ್ಪೇನು? ಒಳ್ಳೆಯ ವಿದ್ಯಾರ್ಥಿನಿ, ಹೇಳಿದ್ದನ್ನು ಸರಿಯಾಗಿ ಕಲಿತಿದ್ದಳು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗಂಡ ಬಂದು, "ಯಾಕೆ, ಊಟ ಮಾಡ್ಲಿಲ್ವಾ? ಯಾರ ಜೊತೆ ಜಗಳ?" ಎಂದ. ಕೆಲಸದ ಮಾತನ್ನು ಮನೆಯಲ್ಲಿ ಆಡುವ ಹಾಗಿಲ್ಲ. "ನನ್ನ ಜೋಡೀನ," ಎಂದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮೇಲ್ವಿಚಾರಕಿಯ ಬಾಗಿಲ ಮುಂದೆ ನಿಂತಿದ್ದೆ. ಮೂವತ್ತು ವರ್ಷ ಡೆಟ್ರಾಯಿಟಿನ ಮಕ್ಕಳ ವಾರ್ಡುಗಳಲ್ಲಿ ದುಡಿದ ಹೆಂಗಸು, ಮಾತು ಕಡಿಮೆ. ನಾನು ಹೆಸರು ಬಿಟ್ಟು ಎಲ್ಲ ಹೇಳಿದೆ. ಆಕೆ ಕಾಫಿ ಕೆಳಗಿಟ್ಟು ಇಂಗ್ಲಿಷಿನಲ್ಲಿ ಕೇಳಿದ್ದು ಇಷ್ಟು: "ನಿನಗೆ ಗೊತ್ತಾದದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ."

"ಹಾಗಾದರೆ ನಿನ್ನೆ ಮಧ್ಯಾಹ್ನದಿಂದಲೇ ತಡವಾಗಿದೆ. ಫೋನ್ ಮಾಡುವುದು ಬೇಡ ಎಂದು ನನ್ನ ಬಾಯಿಂದ ಹೇಳಿಸಲು ಬಂದಿದ್ದೀಯ. ಹೇಳಲಾರೆ. ನನಗೆ ಹೇಳಿದರೆ ವರದಿ ಮಾಡಿದಂತೆ ಅಲ್ಲ ಅನ್ನುವುದು ನಿನಗೂ ಗೊತ್ತು. ಕರೆ ನಿನ್ನದೇ."

"ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಗೆ ಹೇಳಿ ಮಾಡಿದರೆ? ಆಕೆ ಓಡಿಹೋಗುವವಳಲ್ಲ."

"ಗೊತ್ತೋ, ಆಸೆಯೋ?"

ಆಸೆ. ಮೇಲ್ವಿಚಾರಕಿ ತನ್ನ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟು ಬಾಗಿಲು ಎಳೆದುಕೊಂಡು ಹೊರಗೆ ಹೋದಳು.

ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ದನಿ ಸಮಾಧಾನದ್ದು. ಮಗುವಿನ ಹೆಸರು? ವಯಸ್ಸು? ವಿಳಾಸ? ವಿಳಾಸವನ್ನು ನಾನು ಓದಿದ್ದು ತರಗತಿಯ ಹಾಜರಿ ಹಾಳೆಯಿಂದ. ಟಿಪ್ಪಣಿ ಕಳಿಸಲಿಕ್ಕೆ ಮಾತ್ರ ಎಂದು ಹೇಳಿ ಬರೆಸಿಕೊಂಡಿದ್ದ ಹಾಳೆ. ಮಗು ಈಗ ಎಲ್ಲಿದೆ? ಶಾಲೆಯಲ್ಲಿ, ಎರಡನೇ ತರಗತಿ. ಮನೆಯಲ್ಲಿ ಯಾರ್ಯಾರಿದ್ದಾರೆ? ಅಪಾಯ ಇವತ್ತೇ ಇದೆಯೇ? ಮುಂದಿನ ಶುಕ್ರವಾರದಿಂದ. ತಾಯಿ ಏನೆಂದರು, ಅವರದೇ ಮಾತಿನಲ್ಲಿ ಹೇಳಿ. ಆಕೆಯ ಮಾತನ್ನು ಒಂದೊಂದಾಗಿ ಇಂಗ್ಲಿಷಿಗೆ ತಂದೆ. ಹೀಟರಿನ ಬಿಸಿಯಲ್ಲಿ ಅಕ್ಕಾ ಎಂದು ಹೇಳಿದ ಮಾತು ಇಂಗ್ಲಿಷಿನಲ್ಲಿ ಕೈಕೋಳ ತೊಟ್ಟ ಹೇಳಿಕೆಯಾಗಿ ಕೇಳಿಸಿತು. ಆದರೂ ಒಂದು ಮಾತನ್ನೂ ಬಿಡಲಿಲ್ಲ. ಅತ್ತೆ ಹುಡುಕಿದ ಡಾಕ್ಟರ್ ಯಾರು? ಗೊತ್ತಿಲ್ಲ.

ಕೊನೆಗೆ ಆ ಅಧಿಕಾರಿ ಹೇಳಿದರು: "ನಿಮ್ಮ ಹೆಸರನ್ನು ಕುಟುಂಬಕ್ಕೆ ತಿಳಿಸುವುದಿಲ್ಲ. ನಮ್ಮ ಕಾರ್ಯಕರ್ತೆ ಇವತ್ತೇ ಹೋಗುತ್ತಾರೆ. ಅಲ್ಲಿಯವರೆಗೆ ನೀವು ಏನೂ ಹೇಳಬೇಡಿ."

ಹೆಸರು ತಿಳಿಸುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ಎದೆ ಹಗುರಾಯಿತು. ಮಗು ಉಳಿಯಿತು, ನಾನೂ ಅಕ್ಕನಾಗಿಯೇ ಉಳಿದೆ ಎಂದುಕೊಂಡೆ. ಹನ್ನೊಂದು ಗಂಟೆಗೆ ಫೋನಿಗೆ ಒಂದು ಫೋಟೋ ಬಂತು: ಚುರುಮುರಿಯ ಪೊಟ್ಟಣ ಹಿಡಿದ ಕೈ. ಕೆಳಗೆ, 'ಅಕ್ಕಾ ಸಿಕ್ತ್ರಿ!! ಗಿರಮಿಟ್ಟು ಮಾಡ್ತೇನಿ, ಗುರುವಾರ ನಿಮಗೂ ತರ್ತೇನಿ.' ಉತ್ತರ ಬರೆಯುವ ಹಾಗಿಲ್ಲ, ಬರೆಯದೆ ಇರುವ ಹಾಗೂ ಇಲ್ಲ. ಫೋನನ್ನು ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದೆ. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿದೆ.

ಐದು ಗಂಟೆಗೆ ಮತ್ತೆ ಅದೇ ಹೆದ್ದಾರಿ, ಅದೇ ಕಾಂಕ್ರೀಟ್ ಗೋಡೆಗಳ ನಡುವೆ ಆಮೆಯ ಓಟ. ಕಾರಿನ ಸ್ಪೀಕರಿನಲ್ಲಿ ಫೋನ್ ಹೊಡೆದುಕೊಂಡಿತು. ಆಕೆ ಅಳುತ್ತಿದ್ದಳು.

"ಅಕ್ಕಾ, ಮನಿಗೆ ಸರ್ಕಾರದ ಹೆಂಗಸು ಬಂದಿದ್ರು. ಎಲ್ಲಾ ಗೊತ್ತದ ಅವ್ರಿಗೆ. ಬಳಿ ಮಾತೂ ಗೊತ್ತದ! ಮಗಳ್ನ ಒಬ್ಬಾಕಿನ್ನ ಕುಂದರಿಸಿ ಮಾತಾಡಿಸಿದ್ರು. ಯಾರ್ ಹೇಳ್ಯಾರಂದ್ರ ಹೇಳವಲ್ರು. ನೀವು ಬರ್ತೀರೇನ್ರಿ? ನನಗ ಇಲ್ಲೆ ಬ್ಯಾರೆ ಯಾರದಾರ?"

ಮುಂದಿನ ಗಾಡಿಯ ಕೆಂಪು ದೀಪ ನೋಡುತ್ತಿದ್ದೆ.

"ಯಾರಂತ ಗೊತ್ತಾತ್ರಿ ನನಗ. ಆ ದಂತದ ಡಾಕ್ಟರ್, ಮುಂದಿನ ಸಾಲಿನ್ಯಾಕಿ. ಮೊನ್ನೆ ಆಕಿ ಮುಂದೂ ಬಳಿ ಅಂಗಡಿ ಮಾತು ಆಡಿದ್ದೆ. ಆಕೀನ. ಅತ್ತಿಗೂ ಹೇಳೇನಿ. ಅತ್ತಿ ಈಗ ಎಲ್ಲಾರಿಗೂ ಫೋನ್ ಮಾಡಾಕತ್ತಾರ. ಇನ್ ಮ್ಯಾಲ ಆಕಿನ್ನ ಯಾರೂ ಹೊಸ್ತಿಲಾ ತುಳ್ಯಾಕ ಬಿಡೂದಿಲ್ಲ."

ದಂತವೈದ್ಯೆ ನನಗೆ ಗೊತ್ತು. ತನ್ನಿಬ್ಬರು ಹೆಣ್ಣುಮಕ್ಕಳಿಗೆ ಇದನ್ನು ಮಾಡಿಸದೆ ಉಳಿದ ಹೆಂಗಸು. ಅದನ್ನು ನನ್ನೊಬ್ಬಳಿಗೆ ಬಿಟ್ಟು ಯಾರಿಗೂ ಹೇಳದೆ, ಒಳಗೊಳಗೇ ಹೆದರುತ್ತ ತರಗತಿಗೆ ಬರುತ್ತಿದ್ದವಳು. ನಾನು ಬಾಯಿ ಮುಚ್ಚಿಕೊಂಡರೆ ನನ್ನ ಅಕ್ಕತನಕ್ಕೆ ಆಕೆ ಬೆಲೆ ತೆರಬೇಕಿತ್ತು. ಇದಕ್ಕಿಂತ ಹೇಸಿಗೆ ಇನ್ನೇನಿದೆ?

"ಅವ್ರಲ್ರಿ," ಎಂದೆ. "ನಾನು. ನಾನ ಫೋನ್ ಮಾಡಿದ್ದು."

ಫೋನಿನ ಆಚೆ ದೂರದಲ್ಲಿ ಒಂದು ಮಗು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು.

"ಅಕ್ಕಾ ಅಂತ ಅಂದಿದ್ನೆಲ್ರಿ ನಾನು," ಎಂದಳು.

"ಹೌದ್ರಿ. ಗಾಡಿಯಾಗ ಕುಂದರೂಕಿಂತ ಮೊದ್ಲ ನಾ ಹಳದಿ ಕಾರ್ಡ್ ಓದಬೇಕಾಗಿತ್ತು. ಓದಲಿಲ್ಲ. ಅದು ನನ್ನ ತಪ್ಪು. ಸ್ಲೈಡೂ ನನ್ನ ತಪ್ಪು. ಫೋನ್ ಮಾಡಿದ್ದು ತಪ್ಪಲ್ಲ. ಅತ್ತಿಗೆ ಹೇಳ್ರಿ, ಆ ಹೆಣ್ಮಗಳ ಹೆಸರು ಬಿಟ್ಟು ನನ್ನ ಹೆಸರು ಹೇಳ್ರಿ ಎಲ್ಲಾರಿಗೂ."

ಆಕೆ ಕಟ್ ಮಾಡಿದಳು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಒಂದು ಪೆಟ್ರೋಲ್ ಬಂಕಿನ ಮುಂದೆ ಗಾಡಿ ನಿಲ್ಲಿಸಿ ಅತ್ತೆ. ಅತ್ತು ಏನೂ ಹಗುರಾಗಲಿಲ್ಲ.

ಆ ಶನಿವಾರ, ಭಾನುವಾರ ಒಂದೊಂದೇ ಸಂದೇಶ ಬಂದವು: ಈ ಗುರುವಾರ ಬರಲಾಗುವುದಿಲ್ಲ. ಒಬ್ಬರಿಗೆ ಜ್ವರ, ಒಬ್ಬರಿಗೆ ನೆಂಟರು. ಸೋಮವಾರ ಮೇಲ್ವಿಚಾರಕಿ ಕರೆದು, ನನಗೆ ಎಷ್ಟು ತಿಳಿಯಬೇಕೋ ಅಷ್ಟು ತಿಳಿಸಿದಳು. ವೈದ್ಯರು ಮಗುವನ್ನು ನೋಡಿದ್ದಾರೆ, ಏನೂ ಆಗಿಲ್ಲ. ಮಗುವನ್ನು ರಾಜ್ಯದಾಚೆ ಕರೆದೊಯ್ಯುವುದಿಲ್ಲ ಎಂದು ತಂದೆ, ತಾಯಿ, ಅಜ್ಜಿ ಮೂವರೂ ಸಹಿ ಮಾಡಿದ್ದಾರೆ. ಡಾಕ್ಟರ್ ಯಾರೆಂದು ಎರಡು ಸಲ ಕೇಳಿದರೂ ಗೊತ್ತಿಲ್ಲ ಎಂದಿದ್ದಾರೆ. ಮತ್ತೆ, ಅತ್ತೆ ಸೊಸೆ ಇಬ್ಬರೂ ನನ್ನ ನಾಲ್ಕನೇ ತರಗತಿಗೆ ಬರಲೇಬೇಕೆಂದು ಕಾರ್ಯಕರ್ತೆ ಕರಾರು ಹಾಕಿದ್ದಾರೆ.

"ನನ್ನ ಹತ್ತಿರವೇ ಯಾಕೆ?" ಎಂದೆ.

"ಹತ್ತಿರದಲ್ಲಿ ಬೇರೆ ಯಾರೂ ಇದನ್ನು ಹೇಳಿಕೊಡುವುದಿಲ್ಲ," ಎಂದಳು.

ಸಹಿ ಈ ರಜೆಯನ್ನು ಉಳಿಸಿತು. ಬೇಸಿಗೆ ರಜೆ ಇನ್ನೂ ಇತ್ತು, ಮುಂದಿನ ವರ್ಷವಿತ್ತು, ಕಾರ್ಯಕರ್ತೆ ಕಡತ ಮುಚ್ಚಿದ ಮೇಲಿನ ದಿನಗಳೆಲ್ಲ ಇದ್ದವು. ಅಷ್ಟು ದಿನ ಮಗುವನ್ನು ಕಾಯಬೇಕಾದವರು ಆ ಮನೆಯ ಹೆಂಗಸರೇ. ಅವರನ್ನು ಕಾನೂನು ಕತ್ತು ಹಿಡಿದು ನನ್ನ ಮುಂದೆ ಕೂರಿಸುತ್ತಿತ್ತು.

ಸ್ಲೈಡ್‌ಗಳನ್ನೆಲ್ಲ ಅಳಿಸಿದೆ. ಮೊದಲ ವಾರದ ಪಾಠಕ್ಕೆಂದು ಉಣ್ಣೆಬಟ್ಟೆಯಲ್ಲಿ ನಾನೇ ಹೊಲಿದಿದ್ದ ಹೆಣ್ಣಿನ ಅಂಗದ ಮಾದರಿಯೊಂದಿತ್ತು. ಪಾಠಕ್ಕೆ ಅದೊಂದೇ ಸಾಕು ಎಂದು ತೀರ್ಮಾನಿಸಿದೆ. ಪ್ರತಿ ಭಾಗದ ಹೆಸರು, ಅದು ಯಾತಕ್ಕಿದೆ, ಅದನ್ನು ತೆಗೆದರೆ ಏನು ಹೋಗುತ್ತದೆ. ಬ್ಲೇಡಿನ ಸುದ್ದಿ ಇಲ್ಲ, ರಕ್ತದ ಸುದ್ದಿ ಇಲ್ಲ.

ಗುರುವಾರ ಬಂದವರು ಐವರು. ದಂತವೈದ್ಯೆ ಎಂದಿನ ಹಾಗೆ ಮುಂದಿನ ಸಾಲಿನಲ್ಲಿ ಕೂತಳು. ಅತ್ತೆ ಸೊಸೆ ಬಾಗಿಲ ಪಕ್ಕದಲ್ಲಿ, ಕೋಟು ಬಿಚ್ಚದೆ. ಅತ್ತೆಗೆ ಅರವತ್ತು ದಾಟಿರಬೇಕು. ತೊಡೆಯ ಮೇಲೆ ಕಪ್ಪು ಪರ್ಸು, ಅದರ ಮೇಲೆ ಎರಡೂ ಕೈ. ಸೊಸೆ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಗಿರಮಿಟ್ಟು ತಂದಿರಲಿಲ್ಲ. ಹಳದಿ ಕಾರ್ಡನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಓದಿದೆ. ಆವತ್ತು ಯಾರೂ ಫೋನ್ ನೋಡಲಿಲ್ಲ.

ಉಣ್ಣೆಯ ಮಾದರಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದೆ. ಹಿಂದಿಯಲ್ಲಿ ಹೇಳಿದೆ, ಅತ್ತೆಗೆ ತಿಳಿಯಲಿ ಎಂದು. ಈ ಭಾಗ ಇದಕ್ಕೆ, ಈ ಭಾಗ ಇದಕ್ಕೆ. ಇದರಲ್ಲಿ ಕೊಳಕು ಯಾವುದೂ ಇಲ್ಲ, ಹೆಚ್ಚಿನದು ಯಾವುದೂ ಇಲ್ಲ. ಕೈ ಶುಚಿಯಿದ್ದರೂ, ಇಂಜೆಕ್ಷನ್ ಕೊಟ್ಟರೂ, ಡಾಕ್ಟರೇ ಮಾಡಿದರೂ ಹೋದದ್ದು ಹೋಯಿತು. ಈ ಕಾರಣಕ್ಕೇ ಇಲ್ಲಿ ಡಾಕ್ಟರ್ ಮಾಡಿದರೂ ಅಪರಾಧ. ತೆಗೆಯಬೇಕಾದ್ದು ಇಲ್ಲಿ ಏನೂ ಇಲ್ಲ. ಕಳೆದ ವಾರವೇ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸಿ ಎಂದೆ.

ಅತ್ತೆ ಎದ್ದು ಮೇಜಿನ ಹತ್ತಿರ ಬಂದರು. ಮಾದರಿಯನ್ನು ಕೈಗೆತ್ತಿಕೊಂಡು, ಬಟ್ಟೆ ಅಂಗಡಿಯಲ್ಲಿ ಹೊಲಿಗೆ ನೋಡುವವರಂತೆ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಮುಂದಿನ ಸಾಲಿನಲ್ಲಿ ದಂತವೈದ್ಯೆ ತಲೆ ತಗ್ಗಿಸಿದಳು. ಸೊಸೆ ಗೋಡೆ ನೋಡುತ್ತ ಕನ್ನಡದಲ್ಲಿ ಹೇಳಿದಳು, "ಮೇಡಂ, ಕೇಳಾಕತ್ತಾರ. ತೆಗಿಯೂವಂಥದ್ದು ಏನೂ ಇಲ್ಲಂದ್ರ, ನಂದು ಯಾಕ ತೆಗದ್ರು?"

ಅದಕ್ಕೆ ನನ್ನಲ್ಲಿ ಸ್ಲೈಡ್ ಇರಲಿಲ್ಲ. "ಗೊತ್ತಿಲ್ರಿ," ಎಂದೆ. ಅದಕ್ಕಿಂತ ಹೆಚ್ಚಿಗೆ ಏನು ಹೇಳಿದ್ದರೂ ಸುಳ್ಳಾಗುತ್ತಿತ್ತು.

ಸೊಸೆ ನನ್ನ ಉತ್ತರವನ್ನು ದಾಟಿಸಲಿಲ್ಲ. ಕೂತಲ್ಲಿಂದ ಎದ್ದು ಅತ್ತೆಯ ಮುಂದೆ ಬಂದು ನಿಂತು, ತಾನೇ ಮಾತಾಡತೊಡಗಿದಳು. ಬಲಗೈಯಿಂದ ತನ್ನ ಎಡಗೈಯ ಬರಿ ಮಣಿಕಟ್ಟನ್ನು, ಬಳೆ ಇರುವ ಜಾಗವನ್ನು, ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಒಂದು ಶಬ್ದವೂ ನನಗೆ ತಿಳಿಯಲಿಲ್ಲ, ಆದರೆ ಅದು ಅಜ್ಜಿ ಕರೆದೊಯ್ದ ದಿನದ ಮಾತು ಎಂದು ಆ ಕೈಯೇ ಹೇಳುತ್ತಿತ್ತು. ಮುಂದಿನದು ನೆನಪಿಲ್ಲ ಎಂದಿದ್ದಳಲ್ಲ, ಎಲ್ಲ ನೆನಪಿತ್ತು. ಅತ್ತೆ ನಡುವೆ ಒಂದೇ ಒಂದು ಮಾತು ಕೇಳಿದರು. ಸೊಸೆ ತಲೆಯಾಡಿಸಿದಳು. ಅತ್ತೆ ಮೇಜಿನ ಅಂಚು ಹಿಡಿದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತರು.

ಪ್ರತಿ ತರಗತಿಯ ಕೊನೆಗೆ ನಾನು ಒಂದು ಫಾರ್ಮ್ ತುಂಬಬೇಕು. ಕೇಳಿದ ಪ್ರಶ್ನೆಗೊಂದು ಚೌಕ, ಕೊಟ್ಟ ಉತ್ತರಕ್ಕೊಂದು ಚೌಕ. ಪೆನ್ನು ಕೈಯಲ್ಲಿತ್ತು. ಅಭ್ಯಾಸಬಲದಿಂದ ಕೇಳಿಬಿಟ್ಟೆ. "ಏನ್ ಹೇಳಿದ್ರಿ ಅವ್ರಿಗೆ?"

ಆಕೆ ಒಂದು ವಾರದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. "ನಿಮಗ್ಯಾಕ ಹೇಳ್ಲಿ? ಹೇಳಿದ್ರ ಮತ್ತ ಬರ್ಕೊಂತೀರಿ."

ನಾನು ಪೆನ್ನು ಕೆಳಗಿಟ್ಟೆ. ಏನೆಂದಳು ಎಂದು ಅತ್ತೆ ಕೇಳಿದರು. ಸೊಸೆ ಹೇಳಿದಳು. ಅತ್ತೆ ನನ್ನನ್ನು ನೋಡಿದರು, ಪೆನ್ನನ್ನು ನೋಡಿದರು. ಆಮೇಲೆ ಪರ್ಸಿನ ಜಿಪ್ ಎಳೆದು, ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಒಂದು ಹೆಸರು, ಒಂದು ಫೋನ್ ನಂಬರು, ಮುಂದಿನ ಸೋಮವಾರದ ತಾರೀಕು.

"ಲಿಖ್ ಲೋ," ಎಂದರು ಹಿಂದಿಯಲ್ಲಿ.

ಸೊಸೆ ಬಗ್ಗಿ ಚೀಟಿ ಓದಿದಳು. "ಶಿಕಾಗೋ ಡಾಕ್ಟರದ್ದು," ಎಂದಳು ಮೆಲ್ಲಗೆ. "ಬರ್ಕೊಳ್ರಿ ಅಂತಾರ."

ನಾನು ಚೀಟಿ ಮುಟ್ಟಲಿಲ್ಲ. ಜೇಬಿನಿಂದ ಹಳದಿ ಕಾರ್ಡ್ ತೆಗೆದೆ, ಅದನ್ನು ನೋಡುತ್ತ ನಮ್ಮ ಊರ ಕನ್ನಡದಲ್ಲಿ ಹೇಳಿದೆ: "ನೀವು ಹೇಳಿದ್ದು ನನ್ನ ಕಡೆನ ಇರ್ತದ್ರಿ. ಆದ್ರ ಒಂದು ಕೂಸಿಗೆ ಅಪಾಯ ಅದ ಅಂತ ಗೊತ್ತಾದ್ರ, ಯಾವ ಕೂಸಿಗೆ ಆಗ್ಲಿ, ನಾ ಸರ್ಕಾರಕ್ಕ ಹೇಳಾಕಬೇಕು. ಈ ಚೀಟಿ ತಗೊಂಡ್ರೂ ಹೇಳ್ತೇನಿ. ಬ್ಯಾಡ ಅನ್ನೂದಿದ್ರ ಈಗ ಹೇಳ್ರಿ."

ಸೊಸೆ ಅದನ್ನು ಒಂದಕ್ಷರ ಬಿಡದೆ ಅತ್ತೆಗೆ ಹೇಳಿದಳು. ಅತ್ತೆ ಪೂರ್ತಿ ಕೇಳಿಸಿಕೊಂಡರು. ಚೀಟಿಯನ್ನು ಎರಡು ಬೆರಳಿನಿಂದ ನನ್ನ ಕಡೆ ಸರಿಸಿ ಮತ್ತೆ ಅಂದರು, "ಲಿಖ್ ಲೋ."